ಎಡ ಹೆಗಲು

ನನ್ನ ಎಡ ಹೆಗಲು ಬಲಕ್ಕಿಂತ ಒಂದು ಬೆರಳು ತಗ್ಗು.
ಹೊಸ ಕೋಟು ಹೊಲಿಸುವಾಗಲೆಲ್ಲ ದರ್ಜಿ ಮಾಲಿಶಾ
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗೊಣಗುತ್ತಾನೆ:
‘ನಿನ್ನಣ್ಣನ ಬಾಕಿಯನ್ನು ಇನ್ನೆಷ್ಟು ವರ್ಷ
ನಾನು ಹತ್ತಿ ತುರುಕಿ ತೀರಿಸಲಿ?’

ಸುಳ್ಳಲ್ಲ. ಮೂವತ್ತೊಂದು ವರ್ಷ,
ದುರ್ಮಿತೊರ್ ಬೆಟ್ಟದ ಈ ತಪ್ಪಲಲ್ಲಿ ಯಾರದೇ ಮದುವೆಯಿರಲಿ,
ಓರೊ ಎರಡನೇ ಅಂತಸ್ತು ಏರುವ ಹೊತ್ತಿಗೆ
ಬಲ ಹೆಗಲ ಮೇಲೆ ಯಾರ್ಯಾರೋ ನಿಂತರು, ಹೋದರು;
ಎಡದ ಮೇಲೆ ಗವ್ರಿಲೋ ಒಬ್ಬನೇ.
ಅವನದೊಂದು ಪಾದ ನನಗೆ, ಇನ್ನೊಂದು ಪಕ್ಕದವನಿಗೆ.
ಭಾರದ ಪಾದ ಯಾವಾಗಲೂ ತಮ್ಮನ ಪಾಲಿಗೇ.

ಇವತ್ತು ಅವನ ಮಗಳು ವಿದೋಸಾವಾಳ ಮದುವೆ.
‘ವರ್ಷ ತುಂಬಿತು, ಹಾಡಬಹುದು’ ಅಂದಳು ಅತ್ತಿಗೆ,
ತಲೆಯ ಕರಿ ವಸ್ತ್ರ ಬಿಚ್ಚದೆಯೇ.
ಗಂಡಿನ ಕಡೆಯವರು ಕೆಳಗಿನ ಕಡಲೂರು ಕೋಟೊರ್‌ನವರು,
ಅವರ ಕುಣಿತವೇ ಬೇರೆ,
ಅಕಾರ್ಡಿಯನ್ ಎಲ್ಲಿ ಅಂತ ಹುಡುಕುತ್ತಿದ್ದಾರೆ.
ಇಲ್ಲಪ್ಪ. ಇಲ್ಲಿ ವಾದ್ಯವಿಲ್ಲ.
ಗಂಟಲುಂಟು, ನೆಲವುಂಟು,
ನೆಲಕ್ಕೆ ಬಡಿವ ಚರ್ಮದ ಜೋಡುಂಟು.

ಅರ್ಧ ಬಳಸು ಹಾಡಿ ಕೆಣಕುತ್ತದೆ:
‘ಯಾರದು, ನಡುವೆ ನಿಂತ ಹುಂಜ?
ರೆಕ್ಕೆಯಿದ್ದರೆ ಹಾರು, ಇಲ್ಲದಿದ್ದರೆ ನಾಳೆ ಸಾರು!’
ಉಳಿದರ್ಧ ತಿರುಗಿ ಕೊಡುತ್ತದೆ.
ನಡುವೆ ಹುಡುಗನೊಬ್ಬ ತೋಳು ಬಿಚ್ಚಿ ಹದ್ದಾಗುತ್ತಾನೆ,
ಎದುರಿಗೆ ಹುಡುಗಿ, ಅವಳೂ ಹದ್ದೇ,
ಆದರೆ ಹುಲ್ಲಿಗೆ ನೋವಾಗದ ಹದ್ದು.
ಮುಟ್ಟುವುದಿಲ್ಲ. ಸುತ್ತುತ್ತಾರೆ, ನೆಗೆಯುತ್ತಾರೆ,
ಉಸಿರು ಕಟ್ಟಿದಾಗ ಕೆನ್ನೆಗೆ ಕೆನ್ನೆ ತಾಗಿಸಿ
ಜಾಗ ಬಿಟ್ಟುಕೊಡುತ್ತಾರೆ.
ಮೇಜಿನಡಿ ಅತ್ತಿಗೆಯ ಎಡಗಾಲು
ಯಾರನ್ನೂ ಕೇಳದೆ ಲೆಕ್ಕ ಹಾಕುತ್ತಿತ್ತು.
ನೋಡಿದೆ. ನೋಡಲಿಲ್ಲವೆಂಬಂತೆ ರಕಿಯಾ ಸುರಿದುಕೊಂಡೆ.

ಬೆಳಕು ಇಳಿಯುವಾಗ ಗಂಡಸರು ಹೆಗಲಿಗೆ ಹೆಗಲು ಹೆಣೆದರು.
‘ಚಿಕ್ಕಪ್ಪ, ನಿನ್ನ ಮಂಡಿ...’ ಅಂದರು.
ಮಂಡಿ ನನ್ನದು, ಮದುವೆ ನಮ್ಮದು ಅಂದೆ, ನುಗ್ಗಿದೆ.
ಒಬ್ಬೊಬ್ಬರೇ ಏರಿದರು.
ನನ್ನ ಎಡಗಡೆ ಮಾತ್ರ ಆಕಾಶ ಬಿಟ್ಟಿದ್ದರು,
ಬೇಕೆಂದೇ, ಮರ್ಯಾದೆಗೆ.
ಖಾಲಿ ಹೆಗಲು ಇಷ್ಟು ನೋಯುತ್ತದೆಂದು
ಮೂವತ್ತೊಂದು ವರ್ಷ ಯಾರೂ ಹೇಳಿರಲಿಲ್ಲ.

‘ಯಾರಾದರೂ ಹತ್ತಿ!’ ಅಂತ ಕೂಗಿದೆ.
ಬಂದದ್ದು ಗಂಡಿನ ತಮ್ಮ, ತ್ರಿಪೊ, ಹದಿನಾರರ ಮೀನು.
ಪಟ್ಟಣದ ಬೂಟು ಕಳಚಿದ, ಕಾಲುಚೀಲವನ್ನೂ.
ತಣ್ಣನೆಯ ಪಾದ, ನಡುಗುವ ಪಾದ,
ತಗ್ಗಿನಲ್ಲಿ ಸರಿಯಾಗಿ ಕೂತಿತು,
ಬೇರೆಯವರ ಬಟ್ಟಲಲ್ಲಿ ಹಾಲು ಕೂತಹಾಗೆ.

ಎರಡಂತಸ್ತಿನ ಮನೆ ನಿಧಾನ ತಿರುಗತೊಡಗಿತು.
ಕೆಳಗಿನವರಿಗೆ ಕಾಣುವುದು ಎದುರಿನವರ ಮಂಡಿ, ತುಳಿದ ಹುಲ್ಲು.
ಅದಕ್ಕೇ ಗವ್ರಿಲೋ ಮೇಲಿನಿಂದ ಸುದ್ದಿ ಹೇಳುತ್ತಿದ್ದ:
‘ಕರಿ ಸರೋವರದಲ್ಲಿ ಎರಡು ಚಂದ್ರ ಕಣೋ.’
‘ಕಣಿವೆ ದಾಟಿ ಕರಡಿ ಬರುತ್ತಿದೆ, ಟೋಪಿ ಹಾಕಿದೆ.’
‘ನಿನ್ನ ಹೆಂಡತಿ ಕುರಿಮಾಂಸಕ್ಕೆ
ಎರಡನೇ ಸಲ ಉಪ್ಪು ಹಾಕಿದಳು.’
ನಾನು ನಗುತ್ತಿದ್ದೆ, ನಕ್ಕರೆ ಅವನು ತೂಗಾಡುತ್ತಿದ್ದ,
ತೂಗಾಡಿದರೆ ಇನ್ನೂ ಒತ್ತುತ್ತಿದ್ದ.

‘ಏನು ಕಾಣುತ್ತೋ, ಹುಡುಗಾ?’
ಉತ್ತರವಿಲ್ಲ. ಅರ್ಧ ಸುತ್ತು ಕಳೆದ ಮೇಲೆ
ಮೇಲಿನಿಂದ ಸಣ್ಣ ದನಿ:
‘ಕಣ್ಣು ಮುಚ್ಚಿಕೊಂಡಿದ್ದೀನಿ, ಮಾವ.
ಹೆದರಿಕೆ.’

ನಿಂತುಬಿಡಬೇಕೆನಿಸಿತು. ನಿಲ್ಲುವ ಹಾಗಿಲ್ಲ,
ಹನ್ನೆರಡು ಜನರ ಕತ್ತು ಮುರಿದೀತು.
ತಿರುಗುತ್ತಲೇ ನೆನೆದೆ: ಆ ಒತ್ತುವ ಹಿಮ್ಮಡಿ,
ಪ್ರತಿ ಸುಳ್ಳಿನ ಮುಂಚೆ ಬಿಗಿಯಾಗುತ್ತಿದ್ದ ಆ ಹೆಬ್ಬೆರಳು.
ಅಣ್ಣಾ, ನೀನೂನಾ?

‘ಸರೋವರ ಎಡಕ್ಕಿದೆ’ ಅಂದೆ ಹುಡುಗನಿಗೆ,
ನಾನೆಂದೂ ಮೇಲಿನಿಂದ ನೋಡದ ಸರೋವರ,
‘ಚಂದ್ರ ಎರಡಿವೆ. ಬೇಕಾದಾಗ ಕಣ್ಣು ಬಿಡು.’

ಸರಿಯಪ್ಪ, ಚಂದ್ರ ಸುಳ್ಳು, ಕರಡಿ ಸುಳ್ಳು, ಟೋಪಿಯೂ ಸುಳ್ಳು.
ಆದರೆ ಆ ರಾತ್ರಿ ಮಾಂಸ ನಿಜಕ್ಕೂ ಉಪ್ಪಾಗಿತ್ತು.
ಅದೊಂದು ಮಾತ್ರ ಇನ್ನೂ ಲೆಕ್ಕಕ್ಕೆ ಸಿಗುತ್ತಿಲ್ಲ.